ಮಾಗಿ ಚಳಿಗೆ ಸಿಹಿ-ಖಾರದ ಸೆಂಟು: ಮೈಸೂರಿನ ಹೆಣ್ಣುಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ದಸರಾ ಮುಗಿದು ದೀಪಾವಳಿಯ ಹೊಗೆ ಇಳಿಯುತ್ತಿದ್ದ ಹಾಗೆ ಮೈಸೂರಿನ ಬೆಳಗು ಬದಲಾಗುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವವರ ತಲೆಗೆ ಮಫ್ಲರ್ ಏರುತ್ತದೆ. ಬೇಸಿಗೆಯಿಡೀ ಬೀರುವಿನ ಮೂಲೆಯಲ್ಲಿದ್ದ ವೆನಿಲ್ಲಾ, ಚಕ್ಕೆ, ಲವಂಗದ ಘಮದ ಬಾಟಲಿಗಳನ್ನು ಹೊರಗೆ ತೆಗೆಯಲು ಇದೇ ಸಮಯ.

ಆದರೆ ಈ ಬಗೆಯ ಸೆಂಟಿನ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಯೆಲ್ಲ ಹಿಮ ಬೀಳುವ ಊರಿನವರದು. ಆರೇಳು ಸಲ ಸ್ಪ್ರೇ ಮಾಡಿ, ಮೇಲೆ ಕೋಟು ಹಾಕಿಕೊಂಡು ಹೊರಡಿ ಅನ್ನುತ್ತಾರೆ. ನಮ್ಮದು ಅರ್ಧ ದಿನದ ಚಳಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಮಧ್ಯಾಹ್ನ ಎರಡು ಗಂಟೆಗೆ 28 ಡಿಗ್ರಿ ಇರುತ್ತದೆ. ಸೆಂಟು ಎಷ್ಟು ಬೇಗ ಆವಿಯಾಗಿ ಹರಡುತ್ತದೆ ಅನ್ನುವುದು ಬಿಸಿಯ ಮೇಲೆ ನಿಂತಿದೆ. ಬೆಳಗ್ಗೆ ಏಳಕ್ಕೆ ಮೈಗೆ ಅಂಟಿಕೊಂಡು ತೆಪ್ಪಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಪಕ್ಕದ ಸೀಟಿನವರ ತಲೆ ಸಿಡಿಸುತ್ತದೆ. ಹಾಗಾಗಿ ಮುಂದೆ ಹೇಳುವ ಎಲ್ಲದಕ್ಕೂ ಲೆಕ್ಕ ಒಂದೇ. ಬೆಳಗಿನ ಚಳಿ ನೋಡಿ ಸೆಂಟು ಆರಿಸಿ, ಮಧ್ಯಾಹ್ನದ ಬಿಸಿಲು ನೋಡಿ ಅಳತೆ ಹಾಕಿ.

ಹೆಜ್ಜೆ 1: ಅಂಗಡಿಗೆ ಮುಂಚೆ ಅಡುಗೆಮನೆ

ಸಿಹಿ-ಖಾರದ ಪರ್ಫ್ಯೂಮ್‌ನಲ್ಲಿರುವ ವಾಸನೆಗಳಲ್ಲಿ ಅರ್ಧದಷ್ಟು ನಿಮ್ಮ ಮಸಾಲೆ ಡಬ್ಬಿಯಲ್ಲೇ ಇವೆ. ದುಡ್ಡು ಕೊಡುವ ಮುಂಚೆ ಮೂಗಿಗೆ ಅವುಗಳ ಪರಿಚಯ ಮಾಡಿಸಿ. ಹತ್ತು ನಿಮಿಷದ ಕೆಲಸ.

ಒಂದು ಚೂರು ಚಕ್ಕೆ ಮುರಿದು ಮೂಸಿ. ಒಣ ಬಿಸಿ, ಅದರ ಹಿಂದೆಯೇ ಸಣ್ಣ ಸಿಹಿ. ಇದಕ್ಕೆ ಕಾರಣ ಸಿನ್ನಮಾಲ್ಡಿಹೈಡ್ ಅನ್ನುವ ಅಂಶ. ಆಮೇಲೆ ಒಂದು ಲವಂಗವನ್ನು ಉಗುರಲ್ಲಿ ಚುಚ್ಚಿ ಮೂಸಿ. ಇದರಲ್ಲಿರುವುದು ಯೂಜಿನಾಲ್. ಹಲ್ಲಿನ ಡಾಕ್ಟರ ರೂಮಿನಲ್ಲಿ ಬರುವ ವಾಸನೆಯೂ ಇದರದೇ, ಅಲ್ಲಿ ಹಲ್ಲು ತುಂಬಲು ಇದನ್ನು ಬಳಸುತ್ತಾರೆ. ಆ ನೆನಪಿನಿಂದಲೇ ಲವಂಗ ಜಾಸ್ತಿ ಇರುವ ಸೆಂಟು ಕೆಲವರಿಗೆ ಹಿಡಿಸುವುದಿಲ್ಲ. ನಿಮಗೂ ಹಾಗನ್ನಿಸಿದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಏಲಕ್ಕಿ ಖಾರವಾದರೂ ತಂಪು. ಜಾಕಾಯಿ ಸ್ವಲ್ಪ ಮರದ ಕಡೆಗೆ ವಾಲುತ್ತದೆ. ಕರಿಮೆಣಸಿನ ಘಾಟು ಬೇಗ ಬಂದು ಬೇಗ ಹೋಗುತ್ತದೆ.

ಇನ್ನು ಸಿಹಿ. ವೆನಿಲ್ಲಾ ಎಲ್ಲರಿಗೂ ಐಸ್‌ಕ್ರೀಮಿನಿಂದ ಗೊತ್ತು. ಅದರ ಮುಖ್ಯ ಅಂಶ ವೆನಿಲಿನ್. 1874ರಲ್ಲೇ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇವತ್ತಿನ ಬಹುಪಾಲು ಬಾಟಲಿಗಳಲ್ಲಿ ಇರುವುದು ಹಾಗೆ ತಯಾರಾದದ್ದೇ. ಅದು ಕಳಪೆ ಅಂತೇನಲ್ಲ, ನಿಜವಾದ ವೆನಿಲ್ಲಾ ಕೋಡು ತುಂಬ ದುಬಾರಿ ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ಕೊಡಗು, ಮಲೆನಾಡಿನ ಬೆಳೆಗಾರರು ವೆನಿಲ್ಲಾ ಬಳ್ಳಿ ಹಿಂದೆ ಬಿದ್ದದ್ದು, ಆಮೇಲೆ ಬೆಲೆ ಕುಸಿದದ್ದು ಹಲವರಿಗೆ ನೆನಪಿರಬಹುದು.

ಕ್ಯಾರಮೆಲ್ ಅನ್ನುವ ಪದ ಡಬ್ಬಿಯ ಮೇಲೆ ಕಂಡರೆ ಮಂಡ್ಯದ ಆಲೆಮನೆ ನೆನೆಸಿಕೊಳ್ಳಿ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಬಸ್ಸಿನಲ್ಲಿ ಹೋಗುವಾಗ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಪಾಕಕ್ಕೆ ಬರುವ ಹೊತ್ತಿನ ಘಮ ಕಿಟಕಿಯಿಂದ ನುಗ್ಗುತ್ತದಲ್ಲ, ಅದಕ್ಕೆ ತೀರ ಹತ್ತಿರ. ಪರ್ಫ್ಯೂಮ್ ಮಾಡುವವರು ಇದಕ್ಕೆ ಈಥೈಲ್ ಮಾಲ್ಟಾಲ್ ಬಳಸುತ್ತಾರೆ. 1992ರಲ್ಲಿ ಬಂದ ಮ್ಯೂಗ್ಲರ್ ಕಂಪನಿಯ ಏಂಜಲ್ ಇದನ್ನು ಧಾರಾಳವಾಗಿ ಸುರಿದು, ಜೊತೆಗೆ ಮಣ್ಣಿನ ವಾಸನೆಯ ಪಚೌಲಿ ಸೇರಿಸಿ ದೊಡ್ಡ ಹೆಸರು ಮಾಡಿತು. ತಿನ್ನುವ ಸಿಹಿಯ ವಾಸನೆ ಇರುವ ಸೆಂಟುಗಳಿಗೆ ಗೂರ್ಮಾಂಡ್ ಅನ್ನುವ ಹೆಸರು ಗಟ್ಟಿಯಾದದ್ದು ಅದರ ನಂತರವೇ.

ಇವೆರಡರ ಕೆಳಗೆ ಒಂದು ತಳ ಇರುತ್ತದೆ. ಅಂಬರ್ ಅಂತ ಬರೆದಿದ್ದರೆ ಅದು ಯಾವುದೋ ಒಂದೇ ವಸ್ತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ವೆನಿಲ್ಲಾ, ಲ್ಯಾಬ್ಡನಂ ಅನ್ನುವ ಅಂಟು ಮತ್ತು ಬೆಂಜಾಯಿನ್ ಸೇರಿಸಿ ಮಾಡಿದ ಮಿಶ್ರಣ ಅದು. ಬೆಂಜಾಯಿನ್ ಅಂದರೆ ಬೇರೇನೂ ಅಲ್ಲ, ನಮ್ಮ ಸಾಂಬ್ರಾಣಿ. ಎಣ್ಣೆಸ್ನಾನ ಆದಮೇಲೆ ಮಗುವಿನ ತಲೆಗೆ ಹಿಡಿಯುತ್ತಿದ್ದ ಆ ಹೊಗೆಯ ವಾಸನೆ ಗೊತ್ತಿರುವವರಿಗೆ ಅಂಬರ್ ಸೆಂಟು ಹೊಸದು ಅನ್ನಿಸುವುದೇ ಇಲ್ಲ.

ಈ ಮೂರರ ಅಳತೆ ಧನುರ್ಮಾಸದ ಸಿಹಿ ಪೊಂಗಲ್ ಇದ್ದ ಹಾಗೆ. ಬೆಲ್ಲ, ತುಪ್ಪ ಎಷ್ಟು ಹಾಕಿದರೂ ನಡೆಯುತ್ತದೆ. ಲವಂಗ ಎರಡು ಸಾಕು. ಪಚ್ಚೆಕರ್ಪೂರ ಒಂದು ಚಿಟಿಕೆ ಹೆಚ್ಚಾದರೆ ಇಡೀ ಪಾತ್ರೆ ಕೆಟ್ಟಿತು. ಒಳ್ಳೆಯ ಸೆಂಟಿನಲ್ಲಿ ಖಾರ ಇದೆ ಅಂತ ಗೊತ್ತಾಗಬೇಕು, ಆದರೆ ಮುಂದೆ ಬಂದು ನಿಲ್ಲಬಾರದು.

ಹೆಜ್ಜೆ 2: ಬಾಟಲಿ ಆರಿಸುವುದು

ಮೊದಲು ಗಾಢತೆ ನೋಡಿ. ಓ ದ ಟಾಯ್ಲೆಟ್ ಅಂತ ಇದ್ದರೆ ಪರಿಮಳದ ಎಣ್ಣೆ ಸುಮಾರು 5ರಿಂದ 15 ಶೇಕಡಾ ಇರುತ್ತದೆ. ಓ ದ ಪರ್ಫ್ಯೂಮ್‌ನಲ್ಲಿ ಸುಮಾರು 15ರಿಂದ 20. ಬರೀ ಪರ್ಫಮ್ ಅಥವಾ ಎಕ್ಸ್‌ಟ್ರೇ ಅಂತ ಇದ್ದರೆ ಅದಕ್ಕೂ ಜಾಸ್ತಿ. ಉಳಿದದ್ದು ಹೆಚ್ಚಾಗಿ ಆಲ್ಕೋಹಾಲ್. ಬಾಡಿ ಮಿಸ್ಟ್‌ನಲ್ಲಿ ಎಣ್ಣೆ ತೀರ ಕಡಿಮೆ. ಅದು ಒಂದೆರಡು ಗಂಟೆಯ ಮಾತು.

ನನ್ನ ಪ್ರಕಾರ ಮೈಸೂರಿನ ಚಳಿಗೆ ಓ ದ ಪರ್ಫ್ಯೂಮ್ ಕೊಂಡು ಕಡಿಮೆ ಹಾಕಿಕೊಳ್ಳುವುದೇ ಸರಿ. ದುಡ್ಡಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಒಂದು ಸಲ ಒತ್ತಿದರೆ ಹತ್ತಿರ ಹತ್ತಿರ 0.1 ಎಂಎಲ್ ಬರುತ್ತದೆ. 50 ಎಂಎಲ್ ಬಾಟಲಿಯಲ್ಲಿ ಸುಮಾರು 500 ಸ್ಪ್ರೇ. ದಿನಕ್ಕೆ ಎರಡು ಮೂರರಂತೆ ಬರೀ ಚಳಿಗಾಲದಲ್ಲಿ ಹಾಕಿಕೊಂಡರೆ ಎರಡು ವರ್ಷ ಬರುತ್ತದೆ. 100 ಎಂಎಲ್ ಕೊಳ್ಳುವ ಆಸೆ ಬಿಡಿ.

ಇನ್ನು ಹೆಸರುಗಳು. ಈ ಕುಟುಂಬದ ಹಿರಿಯಜ್ಜಿ ಫ್ರಾನ್ಸಿನ ಗೆರ್ಲಾನ್ ಕಂಪನಿಯ ಶಾಲಿಮಾರ್, 1925ರದ್ದು. ಮೊದಲು ಕಿತ್ತಳೆ ನಿಂಬೆಯ ಬಗೆಯ ಹುಳಿ, ಆಮೇಲೆ ಹೊಗೆ ಬೆರೆತ ವೆನಿಲ್ಲಾ. ಸೀರೆ ಉಡುವವರಿಗೆ ಇವತ್ತಿಗೂ ಚೆನ್ನಾಗಿ ಹೊಂದುತ್ತದೆ. 1977ರ ವೈಎಸ್‌ಎಲ್ (ಈವ್ ಸಾಂ ಲೋರಾಂ ಕಂಪನಿ) ಓಪಿಯಂ ಅಪ್ಪಟ ಮಸಾಲೆ, ಲವಂಗ ಮುಂದೆ. 2014ರ ಬ್ಲ್ಯಾಕ್ ಓಪಿಯಂ ಹೆಸರಲ್ಲಿ ಅದರ ಮಗಳು, ವಾಸನೆಯಲ್ಲಿ ಅಲ್ಲ. ಇದರಲ್ಲಿ ಕಾಫಿ ಮತ್ತು ವೆನಿಲ್ಲಾ ಇವೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಫಿಲ್ಟರ್ ಕಾಫಿ ಕುಡಿದು ಬೆಳೆದವರ ಮೂಗಿಗೆ ಒಗ್ಗಿಕೊಳ್ಳುವುದು ಕಷ್ಟವಲ್ಲ. 1998ರ ಡಿಯೋರ್ ಹಿಪ್ನಾಟಿಕ್ ಪಾಯ್ಸನ್‌ನಲ್ಲಿ ಬಾದಾಮಿ, ವೆನಿಲ್ಲಾ. 2005ರ ಫ್ಲವರ್‌ಬಾಂಬ್‌ನಲ್ಲಿ ಹೂವು ಜಾಸ್ತಿ, ಖಾರ ಕಡಿಮೆ. ಏಂಜಲ್ ಮಾತ್ರ ನಮ್ಮ ಮಧ್ಯಾಹ್ನಕ್ಕೆ ಆಗಿಬರುವುದಿಲ್ಲ. ಇಷ್ಟವಾದರೆ ಸಂಜೆ ಆರರ ಮೇಲೆ, ಒಂದೇ ಒಂದು ಸ್ಪ್ರೇ.

ಮೈಸೂರಿನವರು ಹೆಮ್ಮೆಯಿಂದ ನೋಡಬಹುದಾದ ಹೆಸರು ಸಂಸಾರ, ಇದೂ ಗೆರ್ಲಾನ್‌ದೇ, 1989ರದ್ದು. ಶ್ರೀಗಂಧದೆಣ್ಣೆಯನ್ನು ಕೈಬಿಚ್ಚಿ ಬಳಸಿದ್ದಕ್ಕೇ ಅದಕ್ಕೆ ಹೆಸರು ಬಂತು. ಪರ್ಫ್ಯೂಮ್ ಲೋಕದಲ್ಲಿ ಒಳ್ಳೆಯ ಗಂಧದೆಣ್ಣೆಗೆ ನಮ್ಮ ಊರಿನ ಹೆಸರನ್ನೇ ಹೇಳುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಇಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯ ಫಲ ಅದು. ಈಗ ಗಂಧದ ಮರ ಕಡಿಮೆಯಾಗಿ, ಎಣ್ಣೆಯ ಬೆಲೆ ಏರಿ, ಹೆಚ್ಚಿನ ಕಂಪನಿಗಳು ಪ್ರಯೋಗಾಲಯದ ಗಂಧಕ್ಕೆ ಇಳಿದಿವೆ. ಹಳೆಯ ಸೆಂಟುಗಳ ಬಗ್ಗೆ ಓದಿದ ವರ್ಣನೆಯೂ ಈಗಿನ ಬಾಟಲಿಯೂ ತಾಳೆಯಾಗದಿದ್ದರೆ ಇಂಥ ಬದಲಾವಣೆಗಳೂ ಕಾರಣ.

ಕಡಿಮೆ ಬಜೆಟ್‌ನವರು ಟೈಟನ್‌ನ ಸ್ಕಿನ್ ಬಗೆಯ ನಮ್ಮ ದೇಶದ ಬ್ರ್ಯಾಂಡ್‌ಗಳನ್ನು ನೋಡಬಹುದು, ಸಣ್ಣ ಬಾಟಲಿಗಳೂ ಸಿಗುತ್ತವೆ. ವಿದೇಶದ ಬಾಟಲಿ ಕೊಳ್ಳುವಾಗ ಡಬ್ಬಿಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇದೆಯಾ ನೋಡಿ. ಅದಿಲ್ಲದೆ ಅರ್ಧ ಬೆಲೆಗೆ ಸಿಗುತ್ತಿದೆ ಅಂದರೆ ಯೋಚನೆ ಮಾಡಿ.

ಹೆಜ್ಜೆ 3: ಬಿಸಿಲಲ್ಲಿ ಪರೀಕ್ಷೆ

ಮಾಲ್‌ನ ಏಸಿಯಲ್ಲಿ ನಿಂತು ಕಾಗದದ ಚೂರು ಮೂಸಿ ಬಿಲ್ ಮಾಡಿಸಬೇಡಿ. ಏಸಿ ಅಂದರೆ ಅದೂ ಚಳಿಯೇ ಅಲ್ವಾ? ಅಲ್ಲಿ ಎಲ್ಲ ಸಿಹಿ ಸೆಂಟೂ ಸಭ್ಯವಾಗಿಯೇ ಇರುತ್ತದೆ.

ಕಾಗದದಲ್ಲಿ ಮೂಸಿ ಬೇಡದ್ದನ್ನು ಬಿಡಿ. ಉಳಿದದ್ದರಲ್ಲಿ ಎರಡನ್ನು ಮಾತ್ರ ಮೈಗೆ ಹಾಕಿ, ಒಂದೊಂದು ಕೈಗೆ ಒಂದೊಂದು. ಮೂಗು ಮಂಕಾದರೆ ಅಂಗಡಿಯವರು ಕಾಫಿ ಬೀಜದ ಬಟ್ಟಲು ಮುಂದಿಡುತ್ತಾರೆ. ಅದರ ಬದಲು ಹೊರಗೆ ಬಂದು ಗಾಳಿ ತಗೊಳ್ಳಿ, ಇಲ್ಲ ನಿಮ್ಮದೇ ತೋಳಿನ ಬಟ್ಟೆ ಮೂಸಿ. ಅಷ್ಟೇ ಸಾಕಾಗುತ್ತದೆ.

ಈಗ ಅಂಗಡಿಯಿಂದ ಹೊರಗೆ ನಡೆಯಿರಿ. ಬೆಳಗ್ಗೆ ಹನ್ನೊಂದಕ್ಕೆ ಹಾಕಿಕೊಂಡರೆ ಸಯ್ಯಾಜಿರಾವ್ ರಸ್ತೆಯಲ್ಲಿ ದೊಡ್ಡ ಗಡಿಯಾರದ ಕಡೆಗೆ ಒಂದು ಸುತ್ತು ಹಾಕಿ, ಒಂದು ಕಡೆ ಊಟ ಮುಗಿಸಿ, ಸಿಟಿ ಬಸ್ಸಿನಲ್ಲಿ ಮನೆಗೆ ಹೋಗಿ. ಮೊದಲ ಹತ್ತು ನಿಮಿಷದಲ್ಲಿ ಬರುವುದು ನಿಂಬೆ, ಮೆಣಸಿನಂಥ ಹಗುರ ವಾಸನೆ. ಅದನ್ನು ನಂಬಬೇಡಿ, ಉಳಿಯುವುದಿಲ್ಲ. ಒಂದು ಗಂಟೆಯ ಮೇಲೆ ಮಸಾಲೆ ಮತ್ತು ಹೂವು. ನಾಲ್ಕು ಗಂಟೆಯ ಮೇಲೆ ವೆನಿಲ್ಲಾ, ಸಾಂಬ್ರಾಣಿ, ಮರ. ನೀವು ದಿನವಿಡೀ ಬದುಕಬೇಕಾದದ್ದು ಈ ಕೊನೆಯದರ ಜೊತೆ. ಬೆವರು ಸೇರಿದ ಮೇಲೂ ಅದು ನಿಮಗೆ ಹಿತವಾಗಿದ್ದರೆ, ವಾಕರಿಕೆ ತರದಿದ್ದರೆ ಕೊಳ್ಳಿ.

ಅತ್ತರು ಬೇಕು ಅನ್ನುವವರು ದೇವರಾಜ ಮಾರ್ಕೆಟ್ಟಿಗೆ ಹೋಗುತ್ತಾರೆ. ಕುಂಕುಮದ ರಾಶಿಗಳ ಪಕ್ಕ ಸಣ್ಣ ಸಣ್ಣ ಬಾಟಲಿ ಜೋಡಿಸಿದ ಅಂಗಡಿಗಳಿವೆ. ನೀವು ಅತ್ತ ನೋಡುವಷ್ಟರಲ್ಲಿ ಗಾಜಿನ ಕಡ್ಡಿ ಮುಂಗೈ ಮೇಲೆ ಎಳೆದಾಗಿರುತ್ತದೆ.

"ಅಕ್ಕಾ, ಒರಿಜಿನಲ್ ಶ್ರೀಗಂಧ. ಎರಡು ದಿನ ಹೋಗಲ್ಲ, ಗ್ಯಾರಂಟಿ."

"ಅಣ್ಣಾ, ಇದರ ಬೇಸ್ ಯಾವ ಎಣ್ಣೆ?"

"ಅಯ್ಯೋ, ಅದೆಲ್ಲ ಯಾಕಕ್ಕಾ, ಘಮ ನೋಡಿ."

ಘಮ ಚೆನ್ನಾಗಿಯೇ ಇರುತ್ತದೆ. ಆದರೆ ಗಂಧದೆಣ್ಣೆ ಕೆಜಿಗೆ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ. ಇನ್ನೂರು ರೂಪಾಯಿಗೆ 10 ಎಂಎಲ್ ಅಪ್ಪಟ ಶ್ರೀಗಂಧ ಸಿಗುವ ಹಾಗೇ ಇಲ್ಲ. ಬೇರೆ ಎಣ್ಣೆಗೆ ಪರಿಮಳ ಬೆರೆಸಿದ್ದು ಅಂತ ತಿಳಿದು, ಆ ಬೆಲೆಗೆ ಸರಿ ಅನ್ನಿಸಿದರೆ ತಗೊಳ್ಳಿ. ವೆನಿಲ್ಲಾ ಸೆಂಟಿನ ಕೆಳಗೆ ಒಂದು ಹನಿ ಗಂಧದ ಅತ್ತರು ಹಚ್ಚಿಕೊಂಡರೆ ಸಿಹಿಯ ಅಂಟು ಕಡಿಮೆಯಾಗಿ ಸ್ವಲ್ಪ ಗಾಂಭೀರ್ಯ ಬರುತ್ತದೆ. ಆದರೆ ಹನಿ ಅಂದರೆ ಹನಿ.

ಹೆಜ್ಜೆ 4: ಮೈ ಸಿದ್ಧ ಮಾಡಿಕೊಳ್ಳುವುದು

ಚಳಿಯಲ್ಲಿ ಮೈ ಬಿರಿಯುತ್ತದೆ. ಒಣ ಚರ್ಮದಲ್ಲಿ ಸೆಂಟು ನಿಲ್ಲುವುದಿಲ್ಲ. ಜಿಡ್ಡಿನ ಪಸೆ ಇದ್ದರೆ ಪರಿಮಳ ಅದಕ್ಕೆ ಅಂಟಿಕೊಂಡು ನಿಧಾನವಾಗಿ ಬಿಡುಗಡೆಯಾಗುತ್ತದೆ. ಸ್ನಾನ ಆಗಿ ಮೈ ಒರೆಸಿಕೊಂಡ ಮೇಲೆ, ಇನ್ನೂ ತುಸು ಹಸಿ ಇರುವಾಗಲೇ ವಾಸನೆ ಇಲ್ಲದ ಲೋಷನ್ ಅಥವಾ ವ್ಯಾಸಲೀನ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುವುದರಿಂದ ಬಿಸಿನೀರಿನ ಚೊಂಬಿನಲ್ಲಿ ಎರಡು ನಿಮಿಷ ಇಡಬೇಕಾಗುತ್ತದೆ. ಅದಕ್ಕೆ ಅದರದೇ ವಾಸನೆ ಇದೆ ಅನ್ನುವುದು ನೆನಪಿರಲಿ. ವೆನಿಲ್ಲಾ, ಕ್ಯಾರಮೆಲ್ ಜೊತೆ ಚೆನ್ನಾಗಿ ಕೂಡುತ್ತದೆ. ಲವಂಗ ಜಾಸ್ತಿ ಇದ್ದರೆ ಮಾತ್ರ ಕುರ್ಮಾ ನೆನಪಾಗಬಹುದು.

ಸೋಪು ಯಾವುದಾದರೂ ಇರಲಿ, ಅದರ ಘಮ ಸೆಂಟಿನ ಜೊತೆ ಜಗಳ ಆಡಬಾರದು. ಮೈಸೂರ್ ಸ್ಯಾಂಡಲ್ ಸೋಪು ಈ ಬಗೆಯ ಸೆಂಟಿಗೆ ಹೇಳಿ ಮಾಡಿಸಿದ್ದು. ನಿಂಬೆ, ಬೇವಿನ ಸೋಪು ಬೇಡ. ಮೇಲೆ ಇನ್ನೊಂದು ಘಮದ ಪೌಡರ್, ಡಿಯೋಡರೆಂಟ್ ಕೂಡ ಬೇಡ.

ಹೆಜ್ಜೆ 5: ಹಾಕಿಕೊಳ್ಳುವುದು

ಬಟ್ಟೆ ಹಾಕಿಕೊಳ್ಳುವ ಮುಂಚೆ, ಮನೆ ಬಿಡಲು ಇಪ್ಪತ್ತು ನಿಮಿಷ ಇರುವಾಗ. ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಖಂಡಿತ ಬೇಡ, ಆಲ್ಕೋಹಾಲ್ ತಟ್ಟನೆ ಹೊತ್ತಿಕೊಳ್ಳುತ್ತದೆ.

ಬಾಟಲಿಯನ್ನು ಚರ್ಮದಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಒಂದೇ ಕಡೆ ಒದ್ದೆಯಾಗಿ ಹರಿಯುತ್ತದೆ, ತೀರ ದೂರ ಹಿಡಿದರೆ ಗಾಳಿಗೆ ಹೋಗುತ್ತದೆ. ಪೂರ್ತಿ ಒತ್ತಿ, ಅರ್ಧಕ್ಕೆ ಬಿಟ್ಟರೆ ದಪ್ಪ ಹನಿ ಬೀಳುತ್ತದೆ. ಸಣ್ಣ ಮಂಜು ಚರ್ಮದ ಮೇಲೆ ಕೂತು ಮೊದಲು ತಣ್ಣಗಾಗುತ್ತದೆ. ಅದು ಆಲ್ಕೋಹಾಲ್ ಹಾರುತ್ತಿರುವ ಗುರುತು. ಅರ್ಧ ನಿಮಿಷದಲ್ಲಿ ಆ ಚುರುಕು ಹೋಗುತ್ತದೆ. ಅಲ್ಲಿಯವರೆಗೆ ಮುಟ್ಟಬೇಡಿ. ಎರಡು ಮಣಿಕಟ್ಟನ್ನು ಒಂದಕ್ಕೊಂದು ತಿಕ್ಕುವ ಅಭ್ಯಾಸ ಎಲ್ಲರಿಗೂ ಇದೆ. ತಿಕ್ಕಿದರೆ ಬಿಸಿಯಾಗಿ ಮೇಲಿನ ಹಗುರ ವಾಸನೆಗಳು ಬೇಗ ಹಾರಿಹೋಗುತ್ತವೆ, ಅರ್ಧ ಸೆಂಟು ಇನ್ನೊಂದು ಕೈಗೆ ಸವರಿಹೋಗುತ್ತದೆ.

ಎಲ್ಲಿಗೆ ಅನ್ನುವುದೇ ನಮ್ಮ ಹವೆಯಲ್ಲಿ ಮುಖ್ಯ. ಕುತ್ತಿಗೆಯ ಮುಂಭಾಗ, ಕಿವಿಯ ಹಿಂದೆ ಅಂತ ಎಲ್ಲರೂ ಹೇಳುತ್ತಾರೆ. ಮೈಸೂರಿನ ಮಧ್ಯಾಹ್ನಕ್ಕೆ ಅದು ತಪ್ಪು ಜಾಗ. ಅಲ್ಲಿ ಬೆವರು ಮೊದಲು ಬರುತ್ತದೆ, ಬಿಸಿಲೂ ಬೀಳುತ್ತದೆ. ನಿಮ್ಮ ಮೂಗಿಗೆ ತೀರ ಹತ್ತಿರ ಬೇರೆ. ನಾನು ಹೇಳುವ ಜಾಗಗಳು ಕೆಳಗಿನವು: ಹೊಟ್ಟೆಯ ಮೇಲೆ ಒಂದು, ಮೊಣಕಾಲಿನ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಒಂದು. ಬೆಳಗ್ಗೆ ಸ್ವೆಟರ್ ಒಳಗೆ ಬೆಚ್ಚಗಿರುವ ಜಾಗಗಳಿವು. ಮಧ್ಯಾಹ್ನ ಬಟ್ಟೆಯ ಅಡಿಯಿಂದ ಸೋಸಿಕೊಂಡು ಮೇಲೆ ಬರುತ್ತದೆ. ಹಗಲಿಗೆ ಎರಡೇ ಸ್ಪ್ರೇ. ಸಂಜೆ ಹೊರಟರೆ ಜಡೆಯ ಕೆಳಗೆ ಕತ್ತಿನ ಹಿಂಭಾಗಕ್ಕೆ ಮೂರನೆಯದು. ಅದಕ್ಕಿಂತ ಜಾಸ್ತಿ ಬೇಡ.

ಕಾಲು ಗಂಟೆ ಕಳೆದ ಮೇಲೆ ನಿಮ್ಮ ಮೂಗಿಗೆ ಏನೂ ಬರುವುದಿಲ್ಲ. ಸೆಂಟು ಹೋಯಿತು ಅಂತ ಮತ್ತೆ ಹೊಡೆಯಬೇಡಿ. ಮೂಗು ಒಂದೇ ವಾಸನೆಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ಅನುಮಾನ ಇದ್ದರೆ ಮನೆಯಲ್ಲಿರುವ ಯಾರನ್ನಾದರೂ ಕೇಳಿ: ಒಂದು ಮೊಳ ದೂರದಲ್ಲಿ ನಿಂತರೆ ವಾಸನೆ ಬರುತ್ತದಾ? ಬಂದರೆ ಸಾಕು. ಪಡಸಾಲೆಯಿಂದಲೇ ಬರುತ್ತದೆ ಅಂದರೆ ಒಂದು ಸ್ಪ್ರೇ ಹೆಚ್ಚಾಗಿದೆ.

ಹೆಜ್ಜೆ 6: ಸ್ವೆಟರ್, ಸೀರೆ, ಹೂವು, ಒಡವೆ

ಉಣ್ಣೆ ವಾಸನೆಯನ್ನು ಬಿಡದೆ ಹಿಡಿದಿಡುತ್ತದೆ. ಶಾಲಿನ ಒಳಮಗ್ಗುಲಿಗೆ ಒಂದು ಸ್ಪ್ರೇ ಹೊಡೆದರೆ ವಾರಗಟ್ಟಲೆ ಇರುತ್ತದೆ. ಅದು ಅನುಕೂಲವೂ ಹೌದು, ಕಾಟವೂ ಹೌದು. ಒಂದು ಶಾಲಿಗೆ ಒಂದೇ ಸೆಂಟು ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ಸೆಕೆಯಾದರೆ ಶಾಲು ತೆಗೆದು ಬ್ಯಾಗಿಗೆ ಹಾಕಿದರೆ ಘಮವೂ ಒಳಗೆ ಹೋಯಿತು. ಮೈಗೆ ಏನೂ ಹಚ್ಚದೆ ಬರೀ ಶಾಲಿಗೆ ಹಾಕಿಕೊಳ್ಳುವ ಈ ಉಪಾಯ ನಮ್ಮ ಅರ್ಧ ದಿನದ ಚಳಿಗೆ ತುಂಬ ಚೆನ್ನಾಗಿ ಹೊಂದುತ್ತದೆ. ಚರ್ಮ ಸೂಕ್ಷ್ಮ ಇರುವವರಿಗೂ ಇದೇ ಒಳ್ಳೆಯದು.

ರೇಷ್ಮೆಗೆ ಮಾತ್ರ ಬೇಡವೇ ಬೇಡ. ವೆನಿಲಿನ್ ಜಾಸ್ತಿ ಇರುವ ಸೆಂಟು ಕಾಲ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ, ತಿಳಿ ಬಣ್ಣದ ಬಟ್ಟೆಯ ಮೇಲೆ ಕಲೆ ಉಳಿಸುತ್ತದೆ. ಮೈಸೂರು ಸಿಲ್ಕ್ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಅಲ್ಲಿನ ಸೀರೆ ಇವತ್ತಿಗೂ ಬಂಗಾರದ ಜರಿಯದ್ದು, ಬೆಲೆಯೂ ಹಾಗೇ ಇದೆ. ಅಂಥದ್ದರ ಸೆರಗಿಗೆ ಸೆಂಟು ಹೊಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ಸೆಂಟು, ಅದು ಪೂರ್ತಿ ಆರಿದ ಮೇಲೆ ಸೀರೆ, ಕೊನೆಗೆ ಒಡವೆ. ಮುತ್ತಿನ ಸರ ಇದ್ದರೆ ಇನ್ನೂ ಜೋಪಾನ, ಸೆಂಟು ತಾಗಿದರೆ ಮುತ್ತಿನ ಹೊಳಪು ಮಂಕಾಗುತ್ತದೆ.

ಮುಡಿಗೆ ಹೂವು ಇದ್ದರೆ ಯಾವ ಹೂವು ಅಂತ ನೋಡಿ. ಮಲ್ಲಿಗೆಯ ಕಾಲ ಬೇಸಿಗೆ. ಚಳಿಯಲ್ಲಿ ಸಿಗುವುದು ಕಡಿಮೆ, ರೇಟೂ ಏರಿರುತ್ತದೆ. ಸಿಕ್ಕರೆ ಅದರ ಘಮ ವೆನಿಲ್ಲಾ, ಗಂಧದ ಜೊತೆ ಸೇರುತ್ತದೆ, ಆದರೆ ಎರಡೂ ಜೋರು. ಹಾಗಾಗಿ ಒಂದು ಸ್ಪ್ರೇ ಕಡಿಮೆ ಮಾಡಿ. ಕನಕಾಂಬರಕ್ಕೆ ವಾಸನೆಯೇ ಇಲ್ಲ, ಚಿಂತೆ ಇಲ್ಲದೆ ಮುಡಿಯಬಹುದು. ಸೇವಂತಿಗೆಯ ಹಸಿರು ಕಹಿ ವಾಸನೆ ಮಸಾಲೆ ಸೆಂಟಿನ ಜೊತೆ ಚೆನ್ನಾಗಿರುತ್ತದೆ, ಕ್ಯಾರಮೆಲ್ ಜೊತೆ ಅಷ್ಟಕ್ಕಷ್ಟೆ. ದವನ ಸಿಕ್ಕಿದರೆ ಬಿಡಬೇಡಿ. ಹಣ್ಣಿನ ಸಿಹಿ, ಸೊಪ್ಪಿನ ಘಾಟು ಎರಡೂ ಅದರಲ್ಲೇ ಇದೆ. ಅದರ ಎಣ್ಣೆಯನ್ನು ಪರ್ಫ್ಯೂಮ್ ಮಾಡುವವರೂ ಕೊಳ್ಳುತ್ತಾರೆ. ಒಂದು ಎಸಳು ದವನ ಮುಡಿದ ದಿನ ಸೆಂಟೇ ಬೇಡ ಅನ್ನಿಸಿದರೂ ಆಶ್ಚರ್ಯವಿಲ್ಲ.

ಹೆಜ್ಜೆ 7: ದಿನ ನೋಡಿ, ಜಾಗ ನೋಡಿ

ಹೆಬ್ಬಾಳದ ಕಡೆ ಏಸಿ ಆಫೀಸಿಗೆ ಹೋಗುವವರಿಗೆ ಸ್ವಲ್ಪ ಸಲೀಸು. ಒಳಗೆ ದಿನವಿಡೀ ತಂಪಾಗಿರುತ್ತದೆ. ಎರಡು ಸ್ಪ್ರೇ ಸಾಕು. ಪಕ್ಕದಲ್ಲಿ ಕೂರುವವರಿಗೆ ಉಬ್ಬಸ, ತಲೆನೋವು ಇದೆಯಾ ಅಂತ ಒಮ್ಮೆ ಕೇಳಿಬಿಡಿ. ಶಾಲೆ, ಕಾಲೇಜಿನಲ್ಲಿ ಪಾಠ ಮಾಡುವವರು ಬಿಸಿಲಿನ ಕ್ಲಾಸ್‌ರೂಮಿನಲ್ಲಿ ನಿಲ್ಲಬೇಕು, ಒಂದೇ ಸ್ಪ್ರೇ, ಅದೂ ಹೊಟ್ಟೆಗೆ. ಬೆಳಗ್ಗೆ ಬೆಂಗಳೂರು ರೈಲು ಹಿಡಿಯುವವರಿಗೆ ನನ್ನ ವಿನಂತಿ ಬೇರೆ: ರೈಲಿನಲ್ಲಿ ಬೇಡ. ಕಿಟಕಿ ಎಲ್ಲ ಮುಚ್ಚಿರುತ್ತದೆ, ಮಂಡ್ಯ ಬರುವಷ್ಟರಲ್ಲಿ ಬೋಗಿ ತುಂಬಿರುತ್ತದೆ, ಜೊತೆಗೆ ಯಾರದೋ ತಿಂಡಿ ಡಬ್ಬಿ ತೆರೆದಿರುತ್ತದೆ. ಸಣ್ಣ ಬಾಟಲಿಗೆ ತುಂಬಿಕೊಂಡು ಹೋಗಿ, ಇಳಿದ ಮೇಲೆ ಹಾಕಿಕೊಳ್ಳಿ.

ಧನುರ್ಮಾಸದ ಬೆಳಗಿನ ಪೂಜೆಗೆ ಹೋಗುವಾಗ ಸೆಂಟು ಬೇಡ. ಕರ್ಪೂರ, ತುಳಸಿ, ಹುಗ್ಗಿಯ ಘಮ ತುಂಬಿದ ಕಡೆ ಪ್ಯಾರಿಸ್ಸಿನ ವೆನಿಲ್ಲಾಗೆ ಕೆಲಸವಿಲ್ಲ. ಮಡಿ ನೋಡುವ ಹಿರಿಯರಿಗೆ ಆಲ್ಕೋಹಾಲ್ ಅನ್ನುವುದೇ ಸರಿಬರುವುದಿಲ್ಲ. ಅಂಥ ಮನೆಯಲ್ಲಿ ಗಂಧದ ಅತ್ತರು ನಡೆಯುತ್ತದೆ.

ನಿಜವಾಗಿ ಈ ಸೆಂಟಿನ ಸಮಯ ಸಂಜೆ. ಡಿಸೆಂಬರಿನಲ್ಲಿ ಅರಮನೆ ಅಂಗಳದ ಮಾಗಿ ಉತ್ಸವಕ್ಕೆ ಹೂವು ನೋಡಲು ಹೊರಟಾಗ, ಕಾರ್ತಿಕದಲ್ಲೋ ಸಂಕ್ರಾಂತಿ ಕಳೆದ ಮೇಲೋ ಬರುವ ಮದುವೆಯ ಆರತಕ್ಷತೆಗೆ ಹೊರಟಾಗ ಮೂರು ಸ್ಪ್ರೇ ಹಾಕಿಕೊಂಡು ಶಾಲು ಹೊದೆಯಿರಿ. ಆದರೆ ಛತ್ರದ ಒಳಗೆ ಸೆಕೆ ಇರುತ್ತದೆ ಅನ್ನುವುದು ನೆನಪಿರಲಿ. ಊಟದ ಮನೆಯ ಒಗ್ಗರಣೆ, ಎಲ್ಲರ ಸೆಂಟು, ಹೂವು ಒಟ್ಟು ಸೇರಿದರೆ ನಿಮ್ಮದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಹೊಸ ದುಬಾರಿ ಬಾಟಲಿಯನ್ನು ಅಲ್ಲಿಗೆ ಸುರಿಯಬೇಡಿ.

ಎಳೆಮಗು ಎತ್ತಿಕೊಳ್ಳುವುದಿದ್ದರೆ ಎದೆ, ಕುತ್ತಿಗೆ, ಶಾಲು ಯಾವುದಕ್ಕೂ ಬೇಡ.

ತೊಂದರೆಯಾದರೆ

ಚಕ್ಕೆ, ಲವಂಗದ ಅಂಶಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಹಾಗಾಗಿಯೇ ಅವನ್ನು ಎಷ್ಟು ಹಾಕಬಹುದು ಅನ್ನುವುದಕ್ಕೆ ಸೆಂಟು ತಯಾರಕರಲ್ಲಿ ಮಿತಿ ಇದೆ. ಡಬ್ಬಿಯ ಮೇಲೆ ಸಿನ್ನಮಾಲ್ (ಚಕ್ಕೆಯ ಅಂಶ), ಯೂಜಿನಾಲ್ (ಲವಂಗದ್ದು) ಅಂತ ಬರೆದಿದೆಯಾ ಓದಿ. ಹೊಸ ಸೆಂಟನ್ನು ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ಕಾಯಿರಿ. ಕೆಂಪಗಾದರೆ, ತುರಿಕೆ ಬಂದರೆ ಮೈಗೆ ಬೇಡ. ವ್ಯಾಕ್ಸಿಂಗ್ ಮಾಡಿಸಿದ ದಿನವೂ, ಚಳಿಗೆ ಬಿರಿದ ಚರ್ಮದ ಮೇಲೂ ಬೇಡ.

ಜಾಸ್ತಿಯಾಗಿಬಿಟ್ಟರೆ ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಸೆಂಟಿನ ಎಣ್ಣೆ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ವಾಸನೆ ಇಲ್ಲದ ಸ್ಯಾನಿಟೈಸರ್ ಹತ್ತಿಗೆ ಹಾಕಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಅದಿಲ್ಲದಿದ್ದರೆ ಸ್ವಲ್ಪ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಶಾಲಿಗೆ ಜಾಸ್ತಿಯಾಗಿದ್ದರೆ ನೆರಳಲ್ಲಿ ಗಾಳಿಗೆ ಹರವುವುದೊಂದೇ ದಾರಿ. ಒಂದು ವಾರ ಬೇಕಾದರೂ ಬೇಕಾಗಬಹುದು.

ಕೆಲವರಿಗೆ ಸಿಹಿ ಸೆಂಟಿನಿಂದ ತಲೆನೋವು ಬರುತ್ತದೆ. ಅವರು ಕ್ಯಾರಮೆಲ್ ಬಿಟ್ಟು ಏಲಕ್ಕಿ, ಗಂಧ ಇರುವುದನ್ನು ನೋಡಲಿ.

ಬಾಟಲಿ ಜೋಪಾನ

ಬಚ್ಚಲುಮನೆ ಶೆಲ್ಫಿನಲ್ಲಿ ಇಡಬೇಡಿ, ಹಂಡೆಯ ಬಿಸಿ ಹಬೆ ಸೆಂಟನ್ನು ಕೆಡಿಸುತ್ತದೆ. ಕಿಟಕಿ ಪಕ್ಕದ ಕನ್ನಡಿ ಮೇಜೂ ಬೇಡ. ಬಂದ ಡಬ್ಬಿಯಲ್ಲೇ ಹಾಕಿ ಬೀರುವಿನ ಕೆಳಗಿನ ಖಾನೆಯಲ್ಲಿಡಿ. ನುಸಿಗುಳಿಗೆ ಇರುವ ಖಾನೆಯಲ್ಲಿ ಮಾತ್ರ ಬೇಡ. ವೆನಿಲ್ಲಾ ಸೆಂಟಿನ ಬಣ್ಣ ಗಾಢವಾದರೆ ಗಾಬರಿ ಬೇಡ. ಮೂಸಿದಾಗ ವಿನಿಗರ್ ಥರ ಹುಳಿಯೋ, ಹಳೆ ಎಣ್ಣೆಯ ಕಮಟೋ ಬಂದರೆ ಮಾತ್ರ ಕೆಟ್ಟಿದೆ ಅಂತ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅದೇ ನಿಮ್ಮ ಗಡುವು. ಅಷ್ಟರೊಳಗೆ ಸ್ವೆಟರ್, ಶಾಲು ಒಗೆದು, ಪೂರ್ತಿ ಒಣಗಿಸಿ ಎತ್ತಿಡಿ. ಸೆಂಟು, ಬೆವರು ಹಾಗೇ ಉಳಿದ ಉಣ್ಣೆಗೆ ನುಸಿ ಬೇಗ ಹತ್ತುತ್ತದೆ. ಬಾಟಲಿಯ ಮೂತಿ ಒರೆಸಿ, ಮುಚ್ಚಳ ಬಿಗಿ ಮಾಡಿ, ಡಬ್ಬಿಯ ಮೇಲೆ ಕೊಂಡ ವರ್ಷ ಬರೆದು ಒಳಗಿಡಿ. ಮಾರ್ಚಿನಿಂದ ಮಲ್ಲಿಗೆ ಅಗ್ಗವಾಗುತ್ತದೆ.